ಬೈಕು ಕೊಳ್ಳುವ ಮುನ್ನ: ಸಾದಾ ಮಾದರಿಯೋ, ಹೆಚ್ಚು ಸೌಲಭ್ಯದ ಮಾದರಿಯೋ?



ಹಿಂದೆ ಹಾಲಿನ ಕ್ಯಾನು ತಲೆಯ ಮೇಲೋ ಸೈಕಲ್ಲಿನ ಹಿಂದೋ ಡೇರಿಗೆ ಬರುತ್ತಿತ್ತು. ಈಗ ಅನೇಕ ಊರುಗಳಲ್ಲಿ ಅದು ಬೈಕಿನ ಮೇಲೆ ಬರುತ್ತದೆ. ಬೆಳಿಗ್ಗೆ ಹಾಲು ಹಾಕುವುದು, ಬರುವಾಗ ಪಶು ಆಹಾರದ ಮೂಟೆ ತರುವುದು, ಹೊಲದಿಂದ ಹಸಿರು ಮೇವಿನ ಹೊರೆ ಸಾಗಿಸುವುದು, ಹಸು ಮಲಗಿದಲ್ಲಿಂದ ಏಳದಿದ್ದಾಗ ಪಶು ವೈದ್ಯರಲ್ಲಿಗೆ ಓಡುವುದು, ಎಲ್ಲಕ್ಕೂ ಬೈಕೇ ಬೇಕು. ಹೀಗಾಗಿ ಬೈಕು ಬರಿಯ ಓಡಾಟದ ಗಾಡಿಯಲ್ಲ. ಮೇವು ಕತ್ತರಿಸುವ ಯಂತ್ರದಂತೆ ಅದೂ ಹೈನುಗಾರಿಕೆಯ ಒಂದು ಸಾಧನ. ಸಾಧನ ಕೊಳ್ಳುವಾಗ ಹಾಕುವ ಲೆಕ್ಕವನ್ನೇ ಬೈಕಿಗೂ ಹಾಕಬೇಕು.

ಆದರೆ ಷೋರೂಮಿಗೆ ಕಾಲಿಟ್ಟರೆ ಒಂದೇ ಹೆಸರಿನ ಗಾಡಿ ಮೂರು ನಾಲ್ಕು ಬೆಲೆಗಳಲ್ಲಿ ನಿಂತಿರುತ್ತದೆ. ಒಂದು ಸಾದಾ, ಇನ್ನೊಂದು ಸ್ವಲ್ಪ ಮೇಲಿನದು, ಮತ್ತೊಂದು ಡಿಜಿಟಲ್ ಮೀಟರಿನದು. "ಇನ್ನು ಸ್ವಲ್ಪ ಹಾಕಿದರೆ ಇದೇ ಬರುತ್ತದೆ" ಎಂಬ ಮಾತಿಗೆ ಒಲಿದು ಮೇಲಿನದನ್ನು ತರುವವರಿದ್ದಾರೆ. ನಾಲ್ಕು ಕಾಸು ಉಳಿಸಲು ಹೋಗಿ, ದಿನವೂ ಬೇಕಾದ ಸೌಲಭ್ಯವನ್ನೇ ಬಿಟ್ಟು ಬಂದು ಪರದಾಡುವವರೂ ಇದ್ದಾರೆ. ಇಬ್ಬರಿಗೂ ನಷ್ಟವೇ. ಈ ಪಾಠದಲ್ಲಿ ಯಾವ ಸೌಲಭ್ಯಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂಬುದನ್ನು ತಿಳಿಯೋಣ.

ಎಂಜಿನ್ ಒಂದೇ, ಬೆಲೆ ಬೇರೆ

ಮೊದಲು ತಿಳಿಯಬೇಕಾದ ವಿಷಯ ಇದು. ಒಂದೇ ಬೈಕಿನ ಸಾದಾ ಮತ್ತು ಮೇಲಿನ ಮಾದರಿಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಒಂದೇ ಆಗಿರುತ್ತದೆ. 1994ರಲ್ಲಿ ಮಾರುಕಟ್ಟೆಗೆ ಬಂದ ಸ್ಪ್ಲೆಂಡರ್ ನಮ್ಮ ಹಳ್ಳಿಗಳಿಗೆ ಚೆನ್ನಾಗಿ ಪರಿಚಿತ. ಅದರ ಎಕ್ಸ್‌ಟೆಕ್ ಎಂಬ ಮೇಲಿನ ಮಾದರಿ 2022ರಲ್ಲಿ ಬಂತು. ಡಿಜಿಟಲ್ ಮೀಟರು, ಮೊಬೈಲ್ ಕರೆ ಬಂದರೆ ಮೀಟರಿನಲ್ಲಿ ತೋರಿಸುವ ಬ್ಲೂಟೂತ್, ಮೊಬೈಲ್ ಚಾರ್ಜ್ ಮಾಡುವ ಯುಎಸ್‌ಬಿ, ಸೈಡ್ ಸ್ಟ್ಯಾಂಡ್ ಹಾಕಿದ್ದರೆ ಎಂಜಿನ್ ಆಫ್ ಆಗುವ ವ್ಯವಸ್ಥೆ, ಇವೆಲ್ಲ ಅದಕ್ಕೆ ಸೇರಿದವು. ಎಂಜಿನ್ ಮಾತ್ರ ಸಾದಾ ಸ್ಪ್ಲೆಂಡರ್ ಪ್ಲಸ್‌ನಲ್ಲಿರುವ ಅದೇ 97.2 ಸಿ.ಸಿ.ಯದು. ಅದೇ ಕಂಪನಿಯ ಎಚ್.ಎಫ್. ಡಿಲಕ್ಸ್‌ನಲ್ಲಿಯೂ 97.2 ಸಿ.ಸಿ. ಎಂಜಿನ್ನೇ ಇದೆ. ಆ ಗಾಡಿಯಲ್ಲಿ ಕಿಕ್ಕಿನದು, ಸೆಲ್ಫಿನದು, ಕಡ್ಡಿ ಚಕ್ರದ್ದು, ಅಲಾಯ್ ಚಕ್ರದ್ದು ಎಂದು ಬೇರೆ ಬೇರೆ ರೂಪಗಳು ಬಂದಿವೆ.

ಇದರ ಅರ್ಥವೇನು? ಹೆಚ್ಚು ಹಣ ಕೊಟ್ಟರೆ ಏರು ಹತ್ತುವ ಶಕ್ತಿ ಹೆಚ್ಚುವುದಿಲ್ಲ. ಎಂಜಿನ್ನಿನ ಆಯಸ್ಸೂ ಹೆಚ್ಚುವುದಿಲ್ಲ. ಮೈಲೇಜು ತೋರಿಸುವ ಮೀಟರು ಬಂದ ಮಾತ್ರಕ್ಕೆ ಮೈಲೇಜು ಬರುವುದಿಲ್ಲ. ದಿನಕ್ಕೆ 20 ಕಿ.ಮೀ.ಯಂತೆ ತಿಂಗಳಿಗೆ 600 ಕಿ.ಮೀ. ಓಡಿಸುವವರಿಗೆ ಲೀಟರಿಗೆ 60 ಕಿ.ಮೀ. ಬಂದರೆ 10 ಲೀಟರ್ ಪೆಟ್ರೋಲ್ ಸಾಕು. ಟೈರಿನಲ್ಲಿ ಗಾಳಿ ಕಡಿಮೆ, ಚೈನು ಒಣಗಿದೆ, ಬ್ರೇಕಿನ ಮೇಲೆ ಸದಾ ಕಾಲು ಎಂದಾಗಿ 50ಕ್ಕೆ ಇಳಿದರೆ 12 ಲೀಟರ್ ಬೇಕು. ಆ 2 ಲೀಟರ್ ಉಳಿಯುವುದು ನಿಮ್ಮ ಕೈಯಲ್ಲಿದೆ, ಮೀಟರಿನಲ್ಲಲ್ಲ.

ಕಾನೂನೇ ಕೊಡಿಸಿರುವ ಸೌಲಭ್ಯಗಳು

ಮಾರಾಟಗಾರರು ಸೌಲಭ್ಯಗಳ ಪಟ್ಟಿ ಒಪ್ಪಿಸುವಾಗ, ಎಲ್ಲ ಮಾದರಿಯಲ್ಲೂ ಇರಲೇಬೇಕಾದವುಗಳನ್ನೂ ಅದರಲ್ಲಿ ಸೇರಿಸಿಬಿಡುವುದುಂಟು. ಆದ್ದರಿಂದ ಇವನ್ನು ನೆನಪಿಡಿ.

1. ಎಂಜಿನ್ ಚಾಲೂ ಆದೊಡನೆ ಮುಂದಿನ ದೀಪ ತಾನಾಗಿ ಉರಿಯುವುದು 2017ರ ಏಪ್ರಿಲ್‌ನಿಂದ ಬಂದ ನಿಯಮ.

2. 2019ರ ಏಪ್ರಿಲ್ 1ರಿಂದ 125 ಸಿ.ಸಿ.ವರೆಗಿನ ಹೊಸ ಬೈಕುಗಳಿಗೆ ಸಿಬಿಎಸ್ ಅಥವಾ ಎಬಿಎಸ್, ಎರಡರಲ್ಲಿ ಒಂದು ಇರಬೇಕೆಂದು ನಿಯಮವಾಯಿತು. ಸಿಬಿಎಸ್ ಎಂದರೆ ಕಾಲಿನ ಬ್ರೇಕು ಒತ್ತಿದಾಗ ಹಿಂದಿನ ಚಕ್ರದ ಜೊತೆಗೆ ಮುಂದಿನ ಚಕ್ರಕ್ಕೂ ಸ್ವಲ್ಪ ಬ್ರೇಕು ಬೀಳುವ ಏರ್ಪಾಡು. ಎಬಿಎಸ್ ಎಂದರೆ ಗಟ್ಟಿಯಾಗಿ ಬ್ರೇಕು ಹಾಕಿದರೂ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ.

3. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಬಹುತೇಕ ಕಂಪನಿಗಳು ಕಾರ್ಬೊರೇಟರ್ ಬಿಟ್ಟು ಫ್ಯೂಯೆಲ್ ಇಂಜೆಕ್ಷನ್‌ಗೆ ಬಂದವು.

4. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಜಾಗ, ಸೀರೆ ಸಿಕ್ಕಿಕೊಳ್ಳದಂತೆ ಹಿಂಚಕ್ರಕ್ಕೆ ಹೊದಿಕೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ.

5. ಬೈಕು ಮಾರುವಾಗ ಮಾನದಂಡಕ್ಕೆ ತಕ್ಕ ಹೆಲ್ಮೆಟ್ ಕೊಡಬೇಕೆಂಬುದೂ ಅದೇ ನಿಯಮಾವಳಿಯ 138ನೇ ನಿಯಮದಲ್ಲಿದೆ. ಇದನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ.

ಇವುಗಳನ್ನು ತೋರಿಸಿ "ಮೇಲಿನ ಮಾದರಿಯಲ್ಲಿ ಇದೂ ಇದೆ" ಎಂದರೆ, "ಸಾದಾ ಮಾದರಿಯಲ್ಲಿ ಇಲ್ಲವೇ?" ಎಂದು ಮರುಪ್ರಶ್ನೆ ಹಾಕಿ. ಆಗ ನಿಜವಾದ ವ್ಯತ್ಯಾಸ ಎಷ್ಟೆಂಬುದು ಹೊರಬೀಳುತ್ತದೆ.

ವ್ಯತ್ಯಾಸದ ಹಣವನ್ನು ಹಾಲಿನಲ್ಲಿ ಅಳೆಯಿರಿ

ಸಂಬಳದಾರರು ಬೆಲೆಯನ್ನು ರೂಪಾಯಿಯಲ್ಲಿ ಅಳೆಯುತ್ತಾರೆ. ನಾವು ಹಾಲಿನಲ್ಲಿ ಅಳೆಯಬೇಕು. ಅದೂ ಹಾಲಿನ ದರದಿಂದಲ್ಲ. ಹಿಂಡಿ, ಬೂಸಾ, ಮೇವು, ಔಷಧಿಯ ಖರ್ಚು ಕಳೆದು ಕೈಯಲ್ಲಿ ಉಳಿಯುವ ಹಣದಿಂದ.

ಒಂದು ಲೆಕ್ಕ ಹಾಕೋಣ. ಎರಡು ಮಾದರಿಗಳ ನಡುವೆ 10,000 ರೂ. ವ್ಯತ್ಯಾಸ ಇದೆ ಎಂದಿಟ್ಟುಕೊಳ್ಳಿ. ಅದನ್ನು ಶೇ. 10ರ ಫ್ಲ್ಯಾಟ್ ಬಡ್ಡಿಯಲ್ಲಿ 3 ವರ್ಷದ ಕಂತಿಗೆ ತೆಗೆದುಕೊಂಡರೆ ಬಡ್ಡಿ 3,000 ರೂ. ಒಟ್ಟು 13,000 ರೂ., ತಿಂಗಳಿಗೆ ಸುಮಾರು 361 ರೂ. ಖರ್ಚು ಕಳೆದು ಲೀಟರಿಗೆ 10 ರೂ. ಉಳಿಯುತ್ತದೆ ಎಂದುಕೊಂಡರೆ, ಈ ವ್ಯತ್ಯಾಸಕ್ಕಾಗಿಯೇ 1,300 ಲೀಟರ್ ಹಾಲು ಹಾಕಬೇಕು. ಒಂದು ಸೂಲಿಗೆ 3,000 ಲೀಟರ್ ಕೊಡುವ ಹಸುವಿದ್ದರೆ, ಅದರ ಹಾಲಿನ ಉಳಿಕೆಯಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಡಿಜಿಟಲ್ ಮೀಟರಿಗೆ ಹೋದಂತಾಯಿತು. ನಿಮ್ಮ ಮನೆಯ ಉಳಿಕೆ ಎಷ್ಟೆಂಬುದು ನಿಮಗೇ ಗೊತ್ತು. ಪಾಸ್ ಪುಸ್ತಕ ಮುಂದಿಟ್ಟುಕೊಂಡು ಇದೇ ಲೆಕ್ಕವನ್ನು ನಿಮ್ಮ ಅಂಕಿಗಳಿಂದ ಹಾಕಿ ನೋಡಿ.

ಫ್ಲ್ಯಾಟ್ ಬಡ್ಡಿಯ ಬಗ್ಗೆ ಒಂದು ಎಚ್ಚರಿಕೆ. ಇಲ್ಲಿ ನೀವು ಕಂತು ಕಟ್ಟಿ ಅಸಲು ಕಡಿಮೆಯಾಗುತ್ತ ಬಂದರೂ ಬಡ್ಡಿ ಮಾತ್ರ ಮೊದಲಿನ ಪೂರ್ತಿ ಅಸಲಿನ ಮೇಲೆಯೇ ಬೀಳುತ್ತದೆ. ಆದ್ದರಿಂದ 3 ವರ್ಷದ ಶೇ. 10ರ ಫ್ಲ್ಯಾಟ್ ಬಡ್ಡಿಯು, ಉಳಿದ ಅಸಲಿನ ಮೇಲೆ ಬಡ್ಡಿ ಹಾಕುವ ಸಾಲದ ಸುಮಾರು ಶೇ. 18ಕ್ಕೆ ಸಮ. ಬ್ಯಾಂಕಿನಲ್ಲಿ ಶೇ. 12 ಎಂದು, ಷೋರೂಮಿನಲ್ಲಿ ಶೇ. 10 ಎಂದು ಹೇಳಿದರೆ ಷೋರೂಮಿನದೇ ಅಗ್ಗ ಎಂದು ತಿಳಿಯಬೇಡಿ. "ಫ್ಲ್ಯಾಟೋ, ಉಳಿದ ಅಸಲಿನ ಮೇಲೋ?" ಎಂದು ಕೇಳಿ.

ಇನ್ನೊಂದು ಮಾತು. ಆಜೀವ ತೆರಿಗೆಯನ್ನು ಗಾಡಿಯ ಬೆಲೆಯ ಮೇಲೆ ಶೇಕಡಾವಾರು ಹಾಕುತ್ತಾರೆ. ಗಾಡಿಯ ಹಾನಿಗೆ ಮಾಡಿಸುವ ವಿಮೆಯ ಕಂತೂ ಬೆಲೆಯನ್ನು ಅನುಸರಿಸುತ್ತದೆ. ಹಾಗಾಗಿ ಷೋರೂಮಿನ ಬೆಲೆಯಲ್ಲಿ 10,000 ರೂ. ವ್ಯತ್ಯಾಸವಿದ್ದರೆ ರಸ್ತೆಗೆ ಇಳಿಯುವ ಹೊತ್ತಿಗೆ ಅದು ಇನ್ನೂ ಹೆಚ್ಚಾಗಿರುತ್ತದೆ. ಹೋಲಿಕೆ ಮಾಡುವಾಗ ಆನ್‌ರೋಡ್ ಬೆಲೆಗಳನ್ನೇ ಹೋಲಿಸಿ. ಹಳೆಯ ದರಪಟ್ಟಿಯನ್ನೂ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದು ಬೆಲೆಗಳು ಬದಲಾದವು.

ಒಂದೊಂದು ಸೌಲಭ್ಯವನ್ನೂ ತೂಗಿ ನೋಡುವ ಬಗೆ

ಹಾಗೆಂದು ಎಲ್ಲಕ್ಕಿಂತ ಅಗ್ಗದ್ದನ್ನೇ ತನ್ನಿ ಎಂದು ಹೇಳುತ್ತಿಲ್ಲ. ಹಸು ಕೊಳ್ಳುವಾಗ ನಾವು ಕೊರಳ ಗಂಟೆ ನೋಡಿ ಬೆಲೆ ಕಟ್ಟುವುದಿಲ್ಲ. ಕೆಚ್ಚಲು, ಕಾಲು, ಹಲ್ಲು ನೋಡುತ್ತೇವೆ. ಒಳ್ಳೆಯ ಕೆಚ್ಚಲಿಗೆ ಹೆಚ್ಚು ಹಣ ಕೊಡಲು ಹಿಂದೆಮುಂದೆ ನೋಡುವುದೂ ಇಲ್ಲ. ಬೈಕಿನಲ್ಲಿಯೂ ಗಂಟೆ ಯಾವುದು, ಕೆಚ್ಚಲು ಯಾವುದು ಎಂದು ಗುರುತಿಸಬೇಕು. ಅದಕ್ಕೆ ಮೂರು ಪ್ರಶ್ನೆಗಳು ಸಾಕು:

ಅ) ಇದು ಹಾಲನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಲು ಅಥವಾ ಜೀವ ಕಾಪಾಡಲು ನೆರವಾಗುತ್ತದೆಯೇ?
ಆ) ಈಗ ಬಿಟ್ಟರೆ ಮುಂದೆ ಹಾಕಿಸಲು ಬರುತ್ತದೆಯೇ?
ಇ) ಕೆಟ್ಟರೆ ನಮ್ಮ ಊರಿನಲ್ಲಿ ಅಥವಾ ಹೋಬಳಿಯಲ್ಲಿ ರಿಪೇರಿ ಆಗುತ್ತದೆಯೇ?

ಈ ಪ್ರಶ್ನೆಗಳನ್ನು ಮುಖ್ಯ ಸೌಲಭ್ಯಗಳಿಗೆ ಹಚ್ಚಿ ನೋಡೋಣ.

ಸೆಲ್ಫ್ ಸ್ಟಾರ್ಟ್: ಕ್ಯಾನು ಕಟ್ಟಿಕೊಂಡ ಗಾಡಿ ಏರಿನಲ್ಲಿ ಆಫ್ ಆದರೆ ಕಿಕ್ಕು ಹೊಡೆಯುವುದು ಸುಲಭವಲ್ಲ; ಗಾಡಿ ವಾಲಿದರೆ ಹಾಲು ನೆಲದ ಪಾಲು. ಮನೆಯ ಹೆಣ್ಣುಮಕ್ಕಳು, ವಯಸ್ಸಾದವರು, ಮೊಣಕಾಲು ನೋವಿನವರು ಗಾಡಿ ಓಡಿಸುವುದಾದರೆ ಸೆಲ್ಫ್ ಬೇಕೇ ಬೇಕು. ಕಿಕ್ಕಿನ ಮಾದರಿಗೆ ಆಮೇಲೆ ಸೆಲ್ಫ್ ಹಾಕಿಸುವುದು ಲಾಭದ ಕೆಲಸವಲ್ಲ. ಇದಕ್ಕೆ ಕೊಡುವ ಹಣ ಸಾರ್ಥಕ. ಸೆಲ್ಫ್ ಇದ್ದರೂ ಕಿಕ್ಕಿನ ಕಡ್ಡಿ ಇರುವ ಗಾಡಿಯೇ ಹಳ್ಳಿಗೆ ಮೇಲು. ಬ್ಯಾಟರಿಯನ್ನು ಮಾತ್ರ ಚೆನ್ನಾಗಿ ನೋಡಿಕೊಳ್ಳಬೇಕು. ಇಂಜೆಕ್ಷನ್ ಗಾಡಿಗಳಲ್ಲಿ ಪೆಟ್ರೋಲ್ ಪಂಪಿಗೂ ವಿದ್ಯುತ್ ಬೇಕಾದ್ದರಿಂದ ಬ್ಯಾಟರಿ ಪೂರ್ತಿ ಸತ್ತರೆ ಕಿಕ್ಕಿಗೂ ತೊಂದರೆ ಆಗಬಹುದು.

ಟ್ಯೂಬ್‌ಲೆಸ್ ಟೈರು: ಕರೆದ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ನಿಮಿಷ ನಿಮಿಷಕ್ಕೂ ಹೆಚ್ಚುತ್ತವೆ. ಶೀತಲೀಕರಣ ಘಟಕದಲ್ಲಿ 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆಯೇ ಅವುಗಳಿಗೆ ತಡೆ. ಬೆಳಿಗ್ಗೆ ಆರು ಗಂಟೆಗೆ ದಾರಿಯಲ್ಲಿ ಪಂಕ್ಚರ್ ಆದರೆ ಅಂಗಡಿ ತೆರೆದಿರುವುದಿಲ್ಲ. ಟ್ಯೂಬಿನ ಟೈರಿನಲ್ಲಿ ಮೊಳೆ ಚುಚ್ಚಿದರೆ ಗಾಳಿ ಬೇಗ ಹೋಗುತ್ತದೆ, ಚಕ್ರ ಬಿಚ್ಚಿಸಬೇಕು. ಟ್ಯೂಬ್‌ಲೆಸ್‌ನಲ್ಲಿ ಗಾಳಿ ಸಾಮಾನ್ಯವಾಗಿ ನಿಧಾನವಾಗಿ ಇಳಿಯುತ್ತದೆ. ಡೇರಿ ಮುಟ್ಟಿ ಹಾಲು ಹಾಕಿ, ಆಮೇಲೆ ಪಂಕ್ಚರ್ ಹಾಕಿಸಬಹುದು. ದೂರದಿಂದ ಹಾಲು ತರುವವರಿಗೆ ಇದು ಬೆಲೆಬಾಳುವ ಸೌಲಭ್ಯ.

ಅಲಾಯ್ ಚಕ್ರ: ಅಲಾಯ್ ಇದ್ದರೆ ಟೈರು ಟ್ಯೂಬ್‌ಲೆಸ್ಸೇ ಎಂದು ಭಾವಿಸಬೇಡಿ, ಟೈರಿನ ಮೇಲೆ ಬರೆದಿರುವುದನ್ನು ಓದಿ. ಕಲ್ಲುಗುಂಡಿಯ ದಾರಿಯಲ್ಲಿ ಭಾರ ಹೇರಿ ಓಡಿಸಿದರೆ ಅಲಾಯ್ ಬಿರುಕು ಬಿಡಬಹುದು. ಆಗ ವೆಲ್ಡಿಂಗ್ ಮಾಡಿಸಿ ಓಡಿಸುವುದು ಅಪಾಯ, ಚಕ್ರವನ್ನೇ ಬದಲಿಸಬೇಕು. ಕಡ್ಡಿ ಚಕ್ರ ಸೊಟ್ಟಗಾದರೆ ಪರಿಣತ ಮೆಕ್ಯಾನಿಕ್ ಕಡ್ಡಿ ಬಿಗಿದು ನೇರ ಮಾಡುತ್ತಾನೆ. ಹೊಲದ ದಾರಿಯಲ್ಲೇ ಹೆಚ್ಚು ಓಡಾಟವಿದ್ದು ಡೇರಿ ಹತ್ತಿರವಿದ್ದರೆ ಕಡ್ಡಿ ಚಕ್ರವನ್ನು ಕೀಳೆಂದು ತಳ್ಳಬೇಡಿ.

ಡಿಸ್ಕ್ ಬ್ರೇಕು: ಬಯಲುಸೀಮೆಯ ಸಮತಟ್ಟು ದಾರಿಯಲ್ಲಿ ನಿಧಾನವಾಗಿ ಓಡಿಸುವವರಿಗೆ ಡ್ರಮ್ ಬ್ರೇಕು ಸಾಕು, ಅದನ್ನು ಹೊತ್ತುಹೊತ್ತಿಗೆ ಬಿಗಿ ಮಾಡಿಸಿರಬೇಕು, ಅಷ್ಟೆ. ಮಲೆನಾಡಿನ ಉದ್ದ ಇಳಿಜಾರಿನಲ್ಲಿ ಕ್ಯಾನು ಹೇರಿಕೊಂಡು ಇಳಿಯುವವರಿಗೆ, ಹೆದ್ದಾರಿಯಲ್ಲಿ ಬಸ್ಸು ಲಾರಿಗಳ ನಡುವೆ ಹೋಗುವವರಿಗೆ ಡಿಸ್ಕ್ ಒಳ್ಳೆಯದು. ಡ್ರಮ್ ಬ್ರೇಕು ಸತತ ಒತ್ತಿದಾಗ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಡಿಸ್ಕ್ ಬೇಗ ತಣ್ಣಗಾಗುತ್ತದೆ.

ಸೈಡ್ ಸ್ಟ್ಯಾಂಡ್ ಎಂಜಿನ್ ಕಟ್: ಸ್ಟ್ಯಾಂಡ್ ಎತ್ತಲು ಮರೆತು ಹೊರಟರೆ ತಿರುವಿನಲ್ಲಿ ಅದು ನೆಲಕ್ಕೆ ತಗುಲಿ ಗಾಡಿ ಮಗುಚುತ್ತದೆ. ಗಡಿಬಿಡಿಯ ಬೆಳಗಿನಲ್ಲಿ ಈ ಮರೆವು ಸಹಜ. ಸಣ್ಣ ಸೌಲಭ್ಯವಾದರೂ ಜೀವ ಉಳಿಸುವಂಥದು. ಎರಡು ಮಾದರಿಗಳಲ್ಲಿ ಒಂದರಲ್ಲಿ ಮಾತ್ರ ಇದ್ದರೆ ಅದಕ್ಕೆ ಹೆಚ್ಚು ಅಂಕ ಕೊಡಿ.

ಎಲ್‌ಇಡಿ ದೀಪ: ಮಂಜು ಕವಿದ ನಸುಕಿನಲ್ಲಿ, ಬೀದಿ ದೀಪವಿಲ್ಲದ ದಾರಿಯಲ್ಲಿ ಬೆಳಕು ಮುಖ್ಯ. ಎಲ್‌ಇಡಿ ಕಡಿಮೆ ವಿದ್ಯುತ್ತಿನಲ್ಲಿ ಬೆಳಕು ಕೊಡುತ್ತದೆ. ಆದರೆ ಕೆಟ್ಟರೆ ಬಲ್ಬಿನಂತೆ ಬದಲಿಸಲು ಬರುವುದಿಲ್ಲ, ಪೂರ್ತಿ ದೀಪವನ್ನೇ ಹಾಕಿಸಬೇಕಾಗಬಹುದು. ಆಗುವುದಾದರೆ ಕತ್ತಲಾದ ಮೇಲೆ ಪರೀಕ್ಷಾ ಸವಾರಿ ಕೇಳಿ, ಎರಡರ ಬೆಳಕನ್ನೂ ನೋಡಿ ನಿರ್ಧರಿಸಿ.

ಡಿಜಿಟಲ್ ಮೀಟರು ಮತ್ತು ಬ್ಲೂಟೂತ್: ಇದು ಕೊರಳ ಗಂಟೆ. ಮುಳ್ಳಿನ ಮೀಟರಿನ ಕೇಬಲ್ ತುಂಡಾದರೆ ಕಡಿಮೆ ಖರ್ಚಿನಲ್ಲಿ ಸರಿಹೋಗುತ್ತದೆ. ಡಿಜಿಟಲ್ ಮೀಟರಿನೊಳಗೆ ನೀರು ಹೊಕ್ಕರೆ ಪೂರ್ತಿ ಬದಲಿಸಬೇಕಾದೀತು. ಕರೆ ಬಂದಿದೆ ಎಂದು ಮೀಟರು ತೋರಿಸಿದರೂ ಓಡಿಸುತ್ತ ಮಾತಾಡುವಂತಿಲ್ಲ. ಬಟವಾಡೆಯ ಎಸ್‌ಎಂಎಸ್ ಡೇರಿ ಮುಟ್ಟಿದ ಮೇಲೆ ಓದಿದರೂ ಹಣ ಅಷ್ಟೇ ಇರುತ್ತದೆ.

ನಿಂತಾಗ ತಾನಾಗಿ ಆಫ್ ಆಗುವ ಎಂಜಿನ್: ಕೆಲವು ಗಾಡಿಗಳಲ್ಲಿ ಐ3ಎಸ್ ಎಂಬ ಹೆಸರಿನಲ್ಲಿ ಇದು ಇದೆ. ನ್ಯೂಟ್ರಲ್‌ನಲ್ಲಿ ಕೆಲವು ಸೆಕೆಂಡು ನಿಂತರೆ ಎಂಜಿನ್ ಆಫ್ ಆಗಿ, ಕ್ಲಚ್ ಹಿಡಿದಾಗ ಮತ್ತೆ ಚಾಲೂ ಆಗುತ್ತದೆ. ನಗರದ ಸಿಗ್ನಲ್‌ಗಳಲ್ಲಿ ಪೆಟ್ರೋಲ್ ಉಳಿಸುತ್ತದೆ. ಸಿಗ್ನಲ್ಲೇ ಇಲ್ಲದ ಊರಿನಲ್ಲಿ ಉಳಿಸಲು ಏನಿದೆ?

ಯುಎಸ್‌ಬಿ ಚಾರ್ಜರ್: ಉಪಯೋಗವಿದೆ. ಆದರೆ ಇದನ್ನು ಆಮೇಲೆಯೂ ಹಾಕಿಸಬಹುದು. ಕಂಪನಿಯ ಅಧಿಕೃತ ಸರ್ವೀಸ್‌ನಲ್ಲೇ ಹಾಕಿಸಿ. ವೈರು ಕತ್ತರಿಸಿ ಜೋಡಿಸಿದರೆ ವಾರಂಟಿಗೆ ತೊಂದರೆ. ಇಂಜೆಕ್ಷನ್ ಗಾಡಿಯ ವಿದ್ಯುತ್ ವ್ಯವಸ್ಥೆ ಸೂಕ್ಷ್ಮ.

ಯಾರಿಗೆ ಯಾವುದು?

ಡೇರಿ ಒಂದೆರಡು ಕಿ.ಮೀ.ಯಲ್ಲಿದ್ದು, ಓಡಾಟ ಊರು-ಹೊಲದ ನಡುವೆ, ಓಡಿಸುವವರು ಗಟ್ಟಿಮುಟ್ಟಾದ ಒಬ್ಬರೇ ಆಗಿದ್ದರೆ ಸಾದಾ ಮಾದರಿಯೇ ಸಾಕು. ಉಳಿದ ಹಣ ಕೊಟ್ಟಿಗೆಗೆ ಹೋಗಲಿ.

ಮನೆಯಲ್ಲಿ ಇಬ್ಬರು ಮೂವರು ಓಡಿಸುವವರಿದ್ದು, ಡೇರಿ ದೂರವಿದ್ದು, ಟಾರು ರಸ್ತೆಯ ಓಡಾಟ ಹೆಚ್ಚಿದ್ದರೆ ಸೆಲ್ಫ್, ಟ್ಯೂಬ್‌ಲೆಸ್ ಇರುವ ನಡುವಿನ ಮಾದರಿ ಸೂಕ್ತ. ಹೆಚ್ಚಿನ ಸದಸ್ಯರಿಗೆ ಹೊಂದುವುದು ಇದೇ.

ಇಳಿಜಾರಿನ ಸೀಮೆಯವರು, ಹೆದ್ದಾರಿಯಲ್ಲಿ ದಿನವೂ ಹೋಗುವವರು ಡಿಸ್ಕ್, ಒಳ್ಳೆಯ ದೀಪ ಇರುವ ಮೇಲಿನ ಮಾದರಿಗೆ ಹಣ ಹಾಕಿದರೆ ದುಂದಲ್ಲ. ಅದರ ಜೊತೆಗೆ ಬ್ಲೂಟೂತ್ ಬಂದರೆ ಬರಲಿ. ಬ್ಲೂಟೂತ್‌ಗಾಗಿ ಮೇಲಿನ ಮಾದರಿ ಬೇಡ.

ಮನೆಯ ಮಗ ಹೊಸ ಮಾದರಿ ಬೇಕೆಂದು ಕೇಳುವುದು ತಪ್ಪಲ್ಲ. ಅವನನ್ನು ಗದರಿಸದೆ ಜೊತೆಗೆ ಕೂರಿಸಿಕೊಂಡು ಈ ಲೆಕ್ಕವನ್ನು ಅವನ ಕೈಯಲ್ಲೇ ಹಾಕಿಸಿ. ಹಾಗೆಯೇ, ಹಸುವಿನ ಮೈ ತೊಳೆದು, ಮೇವು ಹಾಕಿ, ಹಾಲು ಕರೆಯುವವರು ಹೆಚ್ಚಾಗಿ ಮನೆಯ ಹೆಂಗಸರು. ಕಂತು ಹೋಗುವುದು ಅವರ ದುಡಿಮೆಯಿಂದ. ಷೋರೂಮಿಗೆ ಅವರನ್ನೂ ಕರೆದೊಯ್ಯಿರಿ. ಗಾಡಿಯ ಮೇಲೆ ಅವರೂ ಕುಳಿತು ನೋಡಲಿ, ಕಾಲು ನೆಲಕ್ಕೆ ಎಟುಕುತ್ತದೆಯೇ, ಹಿಂದಿನ ಸೀಟು ಹಿತವಾಗಿದೆಯೇ ಎಂದು ಹೇಳಲಿ.

ಯಾವ ಮಾದರಿಯೂ ಹೆಚ್ಚು ಭಾರ ಹೊರುವುದಿಲ್ಲ

ಈ ವರ್ಗದ ಬೈಕುಗಳು ಸವಾರರ ತೂಕವೂ ಸೇರಿ ಸುಮಾರು 130 ಕಿಲೋ ಹೊರಬಲ್ಲವು. ನಿಮ್ಮ ಗಾಡಿಯ ಮಿತಿಯನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಒಂದು ಲೀಟರ್ ಹಾಲು ಒಂದು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ; 40 ಲೀಟರ್ ಹಾಲು ಸುಮಾರು 41 ಕಿಲೋ, ಕ್ಯಾನಿನ ತೂಕ ಬೇರೆ. 65 ಕಿಲೋ ತೂಕದ ಸವಾರರೊಬ್ಬರೇ ಇದ್ದರೆ ಮಿತಿಯೊಳಗೆ ಸಾಗಬಹುದು. ಹಿಂದೆ ಇನ್ನೊಬ್ಬರು ಕುಳಿತರೆ ಮಿತಿ ಮೀರಿತು. 50 ಕಿಲೋ ಪಶು ಆಹಾರದ ಮೂಟೆ ಹೇರಿದಾಗಲೂ ಇದೇ ಲೆಕ್ಕ. ಮೀಟರು ಡಿಜಿಟಲ್ ಆದರೆ ಚೌಕಟ್ಟು ಗಟ್ಟಿಯಾಗುವುದಿಲ್ಲ. ಕ್ಯಾನುಗಳನ್ನು ಎರಡೂ ಬದಿಗೆ ಸಮನಾಗಿ ಕಟ್ಟಿ. ಹ್ಯಾಂಡಲ್ಲಿಗೆ ತೂಗುಹಾಕಬೇಡಿ. ಹಿಂದಿನ ಕೆಂಪು ದೀಪ ಮರೆಯಾಗದಿರಲಿ.

ಷೋರೂಮಿನಲ್ಲಿ ಕೇಳಬೇಕಾದವು

* ಪ್ರತಿ ಮಾದರಿಯ ಆನ್‌ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.
* ಹೆಚ್ಚುವರಿ ಬಿಡಿಭಾಗಗಳ ಪಟ್ಟಿಯಲ್ಲಿ ನಿಮಗೆ ಬೇಡವಾದುದನ್ನು ಹೊಡೆದು ಹಾಕಿಸಿ.
* ವಿಮೆಯನ್ನು ಷೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಮೂರನೇ ವ್ಯಕ್ತಿ ವಿಮೆ ಕಡ್ಡಾಯವಾಯಿತು. ಅದರಲ್ಲಿ ನಿಮ್ಮ ಗಾಡಿಯ ಕಳವಿಗೆ, ಹಾನಿಗೆ ಪರಿಹಾರವಿಲ್ಲ. ಅದಕ್ಕೆ ಬೇರೆ ವಿಮೆ ಎಷ್ಟು ವರ್ಷಕ್ಕಿದೆ ಎಂದು ಕೇಳಿ ತಿಳಿಯಿರಿ.
* ಹತ್ತಿರದ ಸರ್ವೀಸ್ ಕೇಂದ್ರ ಎಲ್ಲಿದೆ, ಆ ಮಾದರಿಯ ಬಿಡಿಭಾಗಗಳು ಅಲ್ಲಿ ಸಿಗುತ್ತವೆಯೇ ವಿಚಾರಿಸಿ.
* ಸಹಿ ಹಾಕುವ ಮುನ್ನ ಒಂದು ರಾತ್ರಿ ಮನೆಯಲ್ಲಿ ಚರ್ಚಿಸಿ. ಗಾಡಿ ಓಡಿಹೋಗುವುದಿಲ್ಲ.

ಕೊನೆಯದಾಗಿ ಒಂದು ಮಾತು. ಸಾದಾ ಮಾದರಿ ಕೊಂಡು ಹಣ ಉಳಿಸಿದವರು ಅದರಲ್ಲಿ ಮೊದಲು ಕೊಳ್ಳಬೇಕಾದ್ದು ಇನ್ನೊಂದು ಐಎಸ್‌ಐ ಗುರುತಿನ ಹೆಲ್ಮೆಟ್. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಡೇರಿ ಹತ್ತಿರವೇ ಇದೆ ಎಂದು ಮೊಳೆಗೆ ತೂಗುಹಾಕಿದ ಹೆಲ್ಮೆಟ್ ಯಾರನ್ನೂ ಕಾಪಾಡುವುದಿಲ್ಲ. ಮಿಕ್ಕ ಹಣದಲ್ಲಿ ಹಸುವಿಗೆ ವಿಮೆ ಮಾಡಿಸಿ, ಲವಣ ಮಿಶ್ರಣ ತನ್ನಿ, ಕೊಟ್ಟಿಗೆಗೆ ರಬ್ಬರ್ ಹಾಸು ಹಾಕಿಸಿ. ಬೈಕಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಕೊಟ್ಟಿಗೆಗೆ ಹಾಕಿದ ಹಣ ಹಾಲಾಗಿ ಮರಳಿ ಬರುತ್ತದೆ. ಬೈಕಿನ ಕಂತನ್ನು ಕಟ್ಟುವುದೂ ಆ ಹಾಲೇ.